ಗುಡ್ಡ ಹತ್ತಿದ ಸ್ಕೂಟರ್ ಮತ್ತು ಅದರೊಳಗಿನ ಎಂಜಿನ್

ಸ್ಕೂಟರ್ ಎಂಬ ವಾಹನವನ್ನು ರೂಪಿಸಿದವರು ಗುಡ್ಡಗಾಡಿನ ಯೋಚನೆಯನ್ನೇ ಮಾಡಿರಲಾರರು. ಎರಡನೆಯ ಮಹಾಯುದ್ಧದಿಂದ ಜರ್ಜರಿತವಾಗಿದ್ದ ಇಟಲಿಯಲ್ಲಿ, ಜನಸಾಮಾನ್ಯರು ಕಡಿಮೆ ಖರ್ಚಿನಲ್ಲಿ, ಉಡುಪು ಕೊಳೆಯಾಗದಂತೆ ಪೇಟೆಯಲ್ಲಿ ಓಡಾಡಲೆಂದು ಪಿಯಾಜಿಯೊ ಸಂಸ್ಥೆಯು 1946ರಲ್ಲಿ ವೆಸ್ಪಾವನ್ನೂ, ಮಿಲಾನಿನ ಇನ್ನೊಚೆಂತಿ ಸಂಸ್ಥೆಯು ಮರುವರ್ಷ ಲ್ಯಾಂಬ್ರೆಟ್ಟಾವನ್ನೂ ಹೊರತಂದವು. ಅಂತಹ ಪೇಟೆಯ ವಾಹನವನ್ನು ಕೆಮ್ಮಣ್ಣಿನ ಇಳಿಜಾರಿಗೆ ಇಳಿಸಿ, ತೋಡಿನ ನೀರಿನಲ್ಲಿ ದಾಟಿಸಿ, ಮುಂದೆ ಅಡಿಕೆಯ ಗೋಣಿ, ಹಿಂದೆ ಮನೆಮಂದಿಯನ್ನು ಹೇರಿಕೊಂಡು ಏರು ಹತ್ತಿಸಿದ ಕೀರ್ತಿ ಪುತ್ತೂರು, ಸುಳ್ಯ ಹಾಗೂ ಇತ್ತೀಚೆಗೆ ಪ್ರತ್ಯೇಕ ತಾಲೂಕಾದ ಕಡಬದ ಕೃಷಿಕರಿಗೆ ಸಲ್ಲಬೇಕು. ಬಸ್ಸು ಬರುವ ರಸ್ತೆಯಿಂದ ಮನೆಯಂಗಳಕ್ಕೆ ಎರಡು ಮೂರು ಮೈಲಿ ಮುರಕಲ್ಲಿನ ದಾರಿ ಇದ್ದ ಕಾಲದಲ್ಲಿ, ಜೀಪು ಕೊಳ್ಳುವ ಶಕ್ತಿ ಇಲ್ಲದವರಿಗೆ ಸ್ಕೂಟರೇ ಜೀಪು ಆಗಿತ್ತು. ರಬ್ಬರ್ ಶೀಟುಗಳ ಕಟ್ಟು, ಕೊಕ್ಕೋ ಬೀಜದ ಚೀಲ, ಮದ್ದು ಬಿಡುವ ಕಾಲಕ್ಕೆ ಮೈಲುತುತ್ತು, ಆದಿತ್ಯವಾರ ಇಗರ್ಜಿಗೆ ಹೊರಡುವ ನಾಲ್ವರ ಸಂಸಾರ, ಎಲ್ಲವೂ ಅದರ ಮೇಲೆಯೇ.

ಆ ಸ್ಕೂಟರುಗಳು ಈಗ ಎಲ್ಲಿವೆ? ಬಹುಪಾಲು ಗುಜರಿಯವರ ಲಾರಿ ಹತ್ತಿ ಹೋಗಿವೆ. ಉಳಿದವು ಸೌದೆ ಕೊಟ್ಟಿಗೆಯಲ್ಲಿಯೋ ಹಟ್ಟಿಯ ಹಿಂಬದಿಯಲ್ಲಿಯೋ ಅಡಿಕೆ ಸಿಪ್ಪೆಯ ರಾಶಿಯ ನಡುವೆ ಒರಗಿವೆ. ಇತ್ತೀಚಿನ ವರ್ಷಗಳಲ್ಲಿ ಕೊಲ್ಲಿ ದೇಶಗಳಿಂದಲೋ ಬೆಂಗಳೂರಿನಿಂದಲೋ ಊರಿಗೆ ಬರುವ ಮಕ್ಕಳು, ಮೊಮ್ಮಕ್ಕಳು ಇವುಗಳನ್ನು ಹೊರತೆಗೆದು ಮರಳಿ ಓಡುವಂತೆ ಮಾಡಬೇಕೆಂದು ಹೊರಟಿರುವುದು ಸಂತೋಷದ ಸಂಗತಿಯೇ. ಆದರೆ ಹೀಗೆ ಹೊರಟವರಲ್ಲಿ ಹೆಚ್ಚಿನವರು ಮೊದಲು ಹೋಗುವುದು ಬಣ್ಣ ಹೊಡೆಯುವವರ ಬಳಿಗೆ. ನಮ್ಮ ಅಭಿಪ್ರಾಯದಲ್ಲಿ ಬಣ್ಣ ಕಟ್ಟಕಡೆಯ ಕೆಲಸ. ಮೊದಲನೆಯ ಕೆಲಸವೆಂದರೆ ಒಳಗಿರುವ ಎಂಜಿನ್ ಯಾವುದು, ಯಾವ ಕಾರ್ಖಾನೆಯದು, ಯಾವ ಕಾಲದ್ದು ಎಂದು ತಿಳಿಯುವುದು.

ಇದೇನು ದೊಡ್ಡ ವಿಷಯ, ಮೈಮೇಲೆ ಹೆಸರಿಲ್ಲವೇ ಎಂದು ಓದುಗರು ಕೇಳಬಹುದು. ಮೈಮೇಲಿನ ಹೆಸರನ್ನು ನಂಬುವಂತಿಲ್ಲವೆಂಬುದೇ ಇಲ್ಲಿನ ಕಷ್ಟ. ನಮ್ಮ ದೇಶದಲ್ಲಿ ಈ ಎರಡು ಇಟಾಲಿಯನ್ ವಂಶಗಳು ಹಲವು ಕವಲುಗಳಾಗಿ ಬೆಳೆದವು. ವೆಸ್ಪಾದ ತಯಾರಿಕೆಯನ್ನು 1960ರ ಸುಮಾರಿಗೆ ಕೈಗೆತ್ತಿಕೊಂಡ ಬಜಾಜ್ ಸಂಸ್ಥೆಯು, 1971ರಲ್ಲಿ ಪಿಯಾಜಿಯೊದೊಂದಿಗಿನ ಒಪ್ಪಂದ ಮುಗಿದ ಬಳಿಕ ತನ್ನದೇ ಹೆಸರಿನಲ್ಲಿ ಮುಂದುವರಿದು, 1972ರಲ್ಲಿ ಚೇತಕ್ ಅನ್ನು ಹೊರತಂದಿತು. ಲ್ಯಾಂಬ್ರೆಟ್ಟಾವನ್ನು ಮುಂಬಯಿಯ ಆಟೊಮೊಬೈಲ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಸಂಸ್ಥೆಯು ತಯಾರಿಸುತ್ತಿತ್ತು. ಮುಂದೆ ಅದೇ ಗಾಡಿ 'ಲ್ಯಾಂಬಿ' ಎನಿಸಿಕೊಂಡಿತು. 1972ರಲ್ಲಿ ಲಕ್ನೋದಲ್ಲಿ ಸ್ಥಾಪನೆಯಾದ ಸರಕಾರಿ ಸ್ವಾಮ್ಯದ ಸ್ಕೂಟರ್ಸ್ ಇಂಡಿಯಾ ಸಂಸ್ಥೆಯು ಇಟಲಿಯ ಇನ್ನೊಚೆಂತಿಯ ಸ್ಕೂಟರ್ ವಿಭಾಗದ ಯಂತ್ರೋಪಕರಣಗಳನ್ನೇ ಕೊಂಡು ತಂದು, 1975ರಿಂದ 'ವಿಜಯ್ ಸೂಪರ್' ಎಂಬ ಹೆಸರಿನಲ್ಲಿ ಗಾಡಿ ಬಿಟ್ಟಿತು. 1997ರಲ್ಲಿ ಅಲ್ಲಿಯ ಸ್ಕೂಟರ್ ತಯಾರಿಕೆ ನಿಂತಿತು. 2021ರಲ್ಲಿ ಆ ಸಂಸ್ಥೆಯನ್ನೇ ಮುಚ್ಚಲು ಕೇಂದ್ರ ಸಚಿವ ಸಂಪುಟ ಒಪ್ಪಿಗೆ ನೀಡಿತು. ಹೊಸ ಸ್ಕೂಟರಿಗಾಗಿ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಆ ದಿನಗಳಲ್ಲಿ ಹಳೆಯದನ್ನು ಹೇಗಾದರೂ ಓಡಿಸಲೇಬೇಕಿತ್ತು. ಒಂದರ ಎಂಜಿನ್ ಇನ್ನೊಂದರ ಹೊಟ್ಟೆ ಸೇರುವುದು ದಿನನಿತ್ಯದ ಮಾತಾಗಿತ್ತು.

ಈ ಗೊಂದಲ ನಮ್ಮದು ಮಾತ್ರವಲ್ಲ. ಗುಡ್ಡಕ್ಕೆಂದೇ ಸ್ಕೂಟರ್ ಕಟ್ಟಿದ ದೇಶದಲ್ಲೂ ಇದೇ ಪಾಡು. ಅಮೆರಿಕದ ಯೂಟಾ ರಾಜ್ಯದ ಪ್ರೋವೊ ಪಟ್ಟಣದ ರಾಲ್ಫ್ ಬಾನ್ಹಮ್ ಎಂಬವರು 1950ರ ದಶಕದ ಕೊನೆಯಲ್ಲಿ 'ಟೋಟ್ ಗೋಟ್' ಎಂಬ ಗಾಡಿಯೊಂದನ್ನು ರೂಪಿಸಿದರು. ಬೇಟೆಗೆ ಹೋದವರು ಬೆಟ್ಟ ಹತ್ತಿ ಇಳಿಯಲು, ಹೊರೆ ಹೊತ್ತು ತರಲು ಅನುಕೂಲವಾಗಲೆಂದು ದಪ್ಪ ಟಯರು, ನಿಧಾನದ ಗಿಯರು, ಗಟ್ಟಿ ಕೊಳವೆಯ ಚೌಕಟ್ಟು. ಎಂಜಿನ್ ಮಾತ್ರ ಹುಲ್ಲು ಕತ್ತರಿಸುವ ಯಂತ್ರಕ್ಕೂ ನೀರೆತ್ತುವ ಪಂಪಿಗೂ ಬಳಸುವಂಥ ಸಣ್ಣ ಎಂಜಿನ್. ನಾಲ್ಕು ಬೋಲ್ಟು ಬಿಚ್ಚಿದರೆ ಒಂದು ಇಳಿಯಿತು, ಇನ್ನೊಂದು ಕುಳಿತಿತು. ಆದುದರಿಂದ ಇಂದು ಅಂಥ ಗಾಡಿಯನ್ನು ಪುನರುದ್ಧಾರ ಮಾಡುವವರು ಎದುರಿಸುವ ಮೊದಲ ಪ್ರಶ್ನೆಯೇ 'ಇದು ಇದರದ್ದೇ ಎಂಜಿನೋ' ಎಂಬುದು. ಒಂದು ಸಮಾಧಾನವೆಂದರೆ ಬ್ರಿಗ್ಸ್ ಆಂಡ್ ಸ್ಟ್ರಾಟನ್‌ನಂಥ ತಯಾರಕರು ತಗಡಿನ ಹೊದಿಕೆಯ ಮೇಲೆ ಮಾದರಿ, ಬಗೆ, ಸಂಕೇತ ಎಂದು ಮೂರು ಸಂಖ್ಯೆಗಳನ್ನು ಒತ್ತಿರುತ್ತಾರೆ. ಸಂಕೇತದ ಮೊದಲ ಆರು ಅಂಕೆಗಳು ವರ್ಷ, ತಿಂಗಳು, ದಿನ. 720615 ಎಂದಿದ್ದರೆ ಆ ಎಂಜಿನ್ 1972ರ ಜೂನ್ 15ರಂದು ತಯಾರಾದುದು. ಮಾದರಿ ಸಂಖ್ಯೆಯ ಆರಂಭದ ಅಂಕೆಯು ಘನ ಇಂಚಿನಲ್ಲಿ ಎಂಜಿನಿನ ಗಾತ್ರ. 8 ಎಂದಿದ್ದರೆ ಸುಮಾರು 131 ಸಿ.ಸಿ. ತೋಟದ ಮೂಲೆಯಲ್ಲಿ ತುಕ್ಕು ಹಿಡಿದ ಪಂಪಿನ ಎಂಜಿನ್ ಇಟ್ಟುಕೊಂಡಿರುವ ನಮ್ಮ ಓದುಗರಲ್ಲಿ ಯಾರಿಗಾದರೂ ಈ ಲೆಕ್ಕ ಉಪಯೋಗಕ್ಕೆ ಬಂದೀತು.

ಸ್ಕೂಟರಿನ ವಿಷಯಕ್ಕೆ ಬರೋಣ. ವೆಸ್ಪಾ ವಂಶವೋ ಲ್ಯಾಂಬ್ರೆಟ್ಟಾ ವಂಶವೋ ಎಂದು ಹೇಳಲು ಸಂಖ್ಯೆ ಓದುವ ಅಗತ್ಯವೂ ಇಲ್ಲ. ವೆಸ್ಪಾದಲ್ಲಿ ಎಂಜಿನ್ ಪೂರ್ತಿಯಾಗಿ ಬಲಮಗ್ಗುಲಿಗೆ ಕುಳಿತಿರುತ್ತದೆ. ಚೈನಿಲ್ಲ, ಗಿಯರಿನಿಂದ ನೇರವಾಗಿ ಚಕ್ರಕ್ಕೆ ಬಲ ಹೋಗುತ್ತದೆ. ಮೈಯೇ ಚೌಕಟ್ಟು, ಒಳಗೆ ಬೇರೆ ಅಸ್ಥಿಪಂಜರವಿಲ್ಲ. ಲ್ಯಾಂಬ್ರೆಟ್ಟಾದಲ್ಲಿ ದಪ್ಪ ಕೊಳವೆಯ ಚೌಕಟ್ಟು ಇದ್ದು, ಎಂಜಿನ್ ನಟ್ಟನಡುವೆ ಮಲಗಿರುತ್ತದೆ. ಸಿಲಿಂಡರು ಮುಂದಕ್ಕೆ ಚಾಚಿರುತ್ತದೆ. ಎಡಬದಿಯ ಉದ್ದನೆಯ ಮುಚ್ಚಳದೊಳಗೆ ಎಣ್ಣೆಯಲ್ಲಿ ಮುಳುಗಿದ ಜೋಡಿ ಚೈನು ಓಡುತ್ತದೆ. ವಂಶ ತಿಳಿದ ಮೇಲೆ ಮನೆತನ ತಿಳಿಯಬೇಕು. ಇಟಲಿಯ ಮೂಲದ ವೆಸ್ಪಾಗಳಲ್ಲಿ ಎಂಜಿನಿನ ಸಂಖ್ಯೆಗೆ ಮುನ್ನ ಬರುವ ಅಕ್ಷರಗಳ ಕೊನೆಯಲ್ಲಿ 'ಎಂ' ಇರುತ್ತದೆ, ಚಾಸಿಸ್ ಸಂಖ್ಯೆಯದರಲ್ಲಿ 'ಟಿ'. ಇಟಾಲಿಯನ್ ಭಾಷೆಯ ಮೊತೊರೆ, ತೆಲಾಯೊ ಎಂಬ ಪದಗಳ ಮೊದಲಕ್ಷರಗಳವು. 'ವಿಬಿಬಿ1ಟಿ' ಎಂಬ ಚಾಸಿಸಿಗೆ 'ವಿಬಿಬಿ1ಎಂ' ಎಂಬ ಎಂಜಿನ್ ಇದ್ದರೆ ಜೋಡಿ ಸರಿಯಾದುದೆಂದು ತಿಳಿಯಬಹುದು.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಎಂಜಿನ್ ಕವಚದ ಮೇಲೆ ಉಬ್ಬಿಕೊಂಡಿರುವ ಅಂಕೆಗಳು ಅಚ್ಚಿನಲ್ಲೇ ಬಂದವು. ಅವು ಆ ಬಿಡಿಭಾಗದ ಸಂಖ್ಯೆ, ಸಾವಿರಾರು ಎಂಜಿನುಗಳಲ್ಲಿ ಒಂದೇ. ತಗ್ಗಾಗಿ, ಉಳಿಯಿಂದ ಹೊಡೆದಂತೆ ಒಂದೊಂದಾಗಿ ಒತ್ತಿದ ಅಂಕೆಗಳೇ ಆ ಎಂಜಿನಿನ ಸ್ವಂತ ಸಂಖ್ಯೆ. ಉಬ್ಬಿದ ಅಂಕೆಯನ್ನು ಬರೆದುಕೊಂಡು ಹೋಗಿ ಸಾರಿಗೆ ಕಚೇರಿಯಲ್ಲಿ ವಾದ ಮಾಡುವವರ ಸಂಖ್ಯೆ ಸಣ್ಣದಲ್ಲ. ಸಂಖ್ಯೆ ಇರುವ ಜಾಗವನ್ನು ಸೀಮೆಎಣ್ಣೆ ಮತ್ತು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತೊಳೆದು, ತೆಳು ಕಾಗದವನ್ನಿಟ್ಟು ಮೆತ್ತಗೆ ಪೆನ್ಸಿಲು ಉಜ್ಜಿದರೆ ಅಂಕೆಗಳು ತಾವಾಗಿ ಮೂಡುತ್ತವೆ. ಅರ, ಗ್ರೈಂಡರ್, ಮರಳು ಹೊಡೆಯುವ ಯಂತ್ರ, ಇವು ಯಾವುವೂ ಆ ಜಾಗದ ಹತ್ತಿರ ಸುಳಿಯಬಾರದು.

ಕಡಬ ಕಡೆಯ ಕ್ರೈಸ್ತ ಕೃಷಿಕ ಕುಟುಂಬವೊಂದರ ಮನೆಯಲ್ಲಿ ನಾವು ಕಂಡ ಸ್ಕೂಟರಿನ ಕಥೆ ಇಲ್ಲಿ ಪ್ರಸ್ತುತ. ಮನೆಯವರ ಇಚ್ಛೆಯಂತೆ ಹೆಸರು ಬೇಡ. ಯಜಮಾನರು ತೀರಿಹೋಗಿ ಬಹುಕಾಲವಾಗಿದೆ. ವಯೋವೃದ್ಧೆ ತಾಯಿ ಮತ್ತು ವಿದೇಶದಿಂದ ನಿವೃತ್ತರಾಗಿ ಮರಳಿದ ಮಗ ಮನೆಯಲ್ಲಿದ್ದಾರೆ. ಆರ್.ಸಿ. ಪುಸ್ತಕದ ಪ್ರಕಾರ ಅದು ಮುಂಬಯಿಯಲ್ಲಿ ತಯಾರಾದ ಲ್ಯಾಂಬ್ರೆಟ್ಟಾ, ಮೊದಲ ನೋಂದಣಿ 1968. ಮಗನಿಗೆ ಅದನ್ನು ವಿಂಟೇಜ್ ವಾಹನವೆಂದು ನೋಂದಾಯಿಸುವ ಆಸೆ. ಪುತ್ತೂರಿನಿಂದ ಬಂದ ಹಿರಿಯ ಮೆಕ್ಯಾನಿಕರು ಪೆನ್ಸಿಲು ಉಜ್ಜಿ ತೆಗೆದ ಸಂಖ್ಯೆಯನ್ನು ಪುಸ್ತಕದೊಂದಿಗೆ ಹೋಲಿಸಿದಾಗ ಚಾಸಿಸಿನ ಸಂಖ್ಯೆ ಸರಿಹೋಯಿತು, ಎಂಜಿನಿನದು ಸರಿಹೋಗಲಿಲ್ಲ. ಒಂದೆರಡು ಅಂಕೆಯ ವ್ಯತ್ಯಾಸವಲ್ಲ, ಸಂಖ್ಯೆಯೇ ಬೇರೆ.

ಸಂಖ್ಯೆ ಮಾತಾಡದಿದ್ದಾಗ ಲೋಹವನ್ನು ಕೇಳಬೇಕಾಗುತ್ತದೆ. ಎಂಜಿನ್ ಕಚ್ಚಿಕೊಂಡಿತ್ತು. ಇಂಥ ಸ್ಥಿತಿಯಲ್ಲಿ ಕಿಕ್ಕರನ್ನು ಮೆಟ್ಟಿ ಮೆಟ್ಟಿ ಹಲ್ಲು ಮುರಿಯುವವರೇ ಹೆಚ್ಚು. ಈ ಹಿರಿಯರು ಪ್ಲಗ್ಗಿನ ರಂಧ್ರದಿಂದ ಡೀಸೆಲ್ ಮತ್ತು ಎಣ್ಣೆಯ ಮಿಶ್ರಣ ಹೊಯ್ದು ಒಂದು ವಾರ ಹಾಗೆಯೇ ಬಿಟ್ಟರು. ಬಳಿಕ ಮ್ಯಾಗ್ನೆಟನ್ನು ಅದಕ್ಕೆಂದೇ ಇರುವ ಪುಲ್ಲರಿನಿಂದ ಎಳೆದು ತೆಗೆದರು. ಸುತ್ತಿಗೆಯ ಪೆಟ್ಟು ಅದಕ್ಕೆ ಆಗದು. ಹೆಡ್ಡು ಬಿಚ್ಚಿ ಸಿಲಿಂಡರಿನ ಒಳವ್ಯಾಸವನ್ನು ಅಳೆದರು. ಮೇಲ್ಭಾಗದಲ್ಲಿ ರಿಂಗುಗಳು ಉಜ್ಜಿ ಸವೆದಿರುತ್ತದಾದ್ದರಿಂದ, ರಿಂಗು ತಲುಪದ ಕೆಳಭಾಗದಲ್ಲಿ ಅಳೆಯಬೇಕು. 57.5 ಮಿ.ಮೀ. ಬಂದಿತು. ಪಿಸ್ಟನ್ನಿನ ತಲೆಯ ಮೇಲೆ 50 ಎಂದು ಒತ್ತಿತ್ತು. ಅಂದರೆ ಒಮ್ಮೆ ಅರ್ಧ ಮಿ.ಮೀ. ಬೋರು ಹೊಡೆಸಿದ ಎಂಜಿನ್, ಮೂಲ ಅಳತೆ 57. ಆದರೆ 57 ಎಂಬುದು ವೆಸ್ಪಾ 150ರ ಅಳತೆಯೂ ಹೌದು, ಲ್ಯಾಂಬ್ರೆಟ್ಟಾ 150ರದೂ ಹೌದು! ವ್ಯತ್ಯಾಸವಿರುವುದು ಸ್ಟ್ರೋಕಿನಲ್ಲಿ, ಎಂದರೆ ಪಿಸ್ಟನ್ ಮೇಲಿನಿಂದ ಕೆಳಕ್ಕೆ ಚಲಿಸುವ ದೂರದಲ್ಲಿ. ವೆಸ್ಪಾದ್ದು 57, ಗಾತ್ರ 145 ಸಿ.ಸಿ.; ಲ್ಯಾಂಬ್ರೆಟ್ಟಾದ್ದು 58, ಗಾತ್ರ 148 ಸಿ.ಸಿ. ಒಂದೇ ಒಂದು ಮಿಲಿಮೀಟರು. ಇಲ್ಲಿ 58 ಬಂದಿತು. ಹಾಗಿದ್ದರೆ ಲ್ಯಾಂಬ್ರೆಟ್ಟಾ ವಂಶದ ಎಂಜಿನೇ, ಆ ಮಟ್ಟಿಗೆ ಸಂಶಯವಿಲ್ಲ. ಕಾರ್ಬೊರೇಟರನ್ನು ಸಾಕ್ಷಿಯಾಗಿ ತೆಗೆದುಕೊಳ್ಳಲು ಹಿರಿಯರು ಒಪ್ಪಲಿಲ್ಲ. ನಲವತ್ತು ವರ್ಷಗಳಲ್ಲಿ ಅದು ನಾಲ್ಕು ಸಲ ಬದಲಾಗಿರುತ್ತದೆ ಎಂಬುದು ಅವರ ವಾದ. ಕವಚದ ಅಡಿಯಲ್ಲಿ ಬೆರಳು ದಪ್ಪ ಕೆಸರು ಗಟ್ಟಿಯಾಗಿ ಅಂಟಿತ್ತು. ಅದನ್ನು ನೆನೆಸಿ ಕೆತ್ತಿ ತೆಗೆದಾಗ ಅಚ್ಚಿನಲ್ಲಿ ಬಂದ ತಯಾರಕರ ಗುರುತು ಕಾಣಿಸಿತು.

"ಇದು ಬೊಂಬಾಯಿದ್ದಲ್ಲ ಮಾರಾಯ್ರೇ, ಲಕ್ನೋದ್ದು" ಎಂದರು ಹಿರಿಯರು.

ಲಕ್ನೋದಲ್ಲಿ ಉತ್ಪಾದನೆ ಆರಂಭವಾದುದು 1975ರಲ್ಲಿ. ಆದುದರಿಂದ 1968ರ ಚೌಕಟ್ಟಿನಲ್ಲಿ ಕುಳಿತಿದ್ದ ಈ ಎಂಜಿನ್ ಅದರೊಂದಿಗೆ ಹುಟ್ಟಿದುದಾಗಿರಲು ಸಾಧ್ಯವೇ ಇಲ್ಲ. ಲ್ಯಾಂಬ್ರೆಟ್ಟಾದಲ್ಲಿ ಎಂಜಿನನ್ನು ಹಿಡಿದಿಡುವುದು ಮುಂದೊಂದು ಉದ್ದನೆಯ ಬೋಲ್ಟು, ಹಿಂದೊಂದು ಶಾಕ್ ಅಬ್ಸಾರ್ಬರ್ ಅಷ್ಟೇ. ಹೊರಗಿನ ರೂಪ ಎಷ್ಟೇ ಬದಲಾದರೂ ಆ ಜಾಗ ಬದಲಾಗಲಿಲ್ಲವಾಗಿ ಮುಂಬಯಿಯ ಚೌಕಟ್ಟಿಗೆ ಲಕ್ನೋದ ಎಂಜಿನ್ ಸಲೀಸಾಗಿ ಕುಳಿತಿತ್ತು.

ಮಗನ ಮುಖ ಸಣ್ಣಗಾದುದನ್ನು ನಾವು ಕಂಡೆವು. ವಿಂಟೇಜ್ ನೋಂದಣಿಯ ನಿಯಮಗಳನ್ನು ಅವರು ಓದಿಕೊಂಡಿದ್ದರು. ಕೇಂದ್ರ ಸರಕಾರವು 2021ರ ಜುಲೈಯಲ್ಲಿ ಹೊರಡಿಸಿದ ಈ ನಿಯಮಗಳಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ ದ್ವಿಚಕ್ರ ಹಾಗೂ ಚತುಶ್ಚಕ್ರ ವಾಹನಗಳು ವಿಂಟೇಜ್ ಎನಿಸಿಕೊಳ್ಳಬಹುದು. ಆದರೆ ಚಾಸಿಸ್, ಮೈಕಟ್ಟು ಅಥವಾ ಎಂಜಿನಿನಲ್ಲಿ ಗಣನೀಯ ಮಾರ್ಪಾಡು ಆಗಿರದೆ ಮೂಲ ರೂಪದಲ್ಲಿಯೇ ಇರಬೇಕು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ; ಪ್ರಮಾಣಪತ್ರದ ಅವಧಿ 10 ವರ್ಷ. ಈಗಾಗಲೇ ನೋಂದಣಿಯಾದ ಗಾಡಿಗಳು ತಮ್ಮ ಹಳೆಯ ಸಂಖ್ಯೆಯನ್ನು ಉಳಿಸಿಕೊಳ್ಳಬಹುದು. ಪ್ರದರ್ಶನ, ವಿಂಟೇಜ್ ರ‍್ಯಾಲಿ, ದುರಸ್ತಿ, ಇಂಧನ ತುಂಬಿಸುವುದು ಮುಂತಾದ ಕೆಲಸಗಳಿಗಲ್ಲದೆ ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ.

ಈ ಹಂತದಲ್ಲಿ ಮನುಷ್ಯನ ಮುಂದೆ ಎರಡು ಅಡ್ಡದಾರಿಗಳು ಕಾಣಿಸಿಕೊಳ್ಳುತ್ತವೆ. ಒಂದನೆಯದು ಎಂಜಿನಿನ ಸಂಖ್ಯೆಯನ್ನು ಉಜ್ಜಿ ಹಾಕಿ, ಪುಸ್ತಕದಲ್ಲಿರುವ ಸಂಖ್ಯೆಯನ್ನು ಪಂಚಿನಿಂದ ಹೊಡೆಯುವುದು. ಇದನ್ನು ಸಲಹೆ ಮಾಡುವವರು ಎಲ್ಲ ಊರಿನಲ್ಲೂ ಇದ್ದಾರೆ. ಇದು ಶುದ್ಧ ಅಪರಾಧ. ಸಂಖ್ಯೆ ಅಳಿಸಿದ ಎಂಜಿನ್ ಕಳವಿನ ಮಾಲೆಂಬ ಶಂಕೆಗೆ ಗುರಿಯಾಗುತ್ತದೆ, ಮನೆಯ ಹೆಸರೂ ಅದರೊಂದಿಗೆ ಹೋಗುತ್ತದೆ. ಎರಡನೆಯದು ಅಷ್ಟು ಕೆಟ್ಟದ್ದಲ್ಲ, ಆದರೆ ನಮಗೆ ಅದೂ ರುಚಿಸಲಿಲ್ಲ: ಎಲ್ಲಿಂದಲಾದರೂ ಅದೇ ಕಾಲದ ಮುಂಬಯಿಯ ಎಂಜಿನೊಂದನ್ನು ಹುಡುಕಿ ತಂದು ಕೂರಿಸಿ, ಇದನ್ನು ಗುಜರಿಗೆ ಕೊಡುವುದು. ಮಗ ಇದರತ್ತ ವಾಲಿದ್ದರು. "ಮೂಲದ್ದು ಅಲ್ಲದ ಮೇಲೆ ಇಟ್ಟುಕೊಂಡು ಏನು ಪ್ರಯೋಜನ?" ಎಂಬುದು ಅವರ ಮಾತು.

ಅಷ್ಟರವರೆಗೆ ಜಗಲಿಯಲ್ಲಿ ಕುಳಿತು ಕೇಳುತ್ತಿದ್ದ ತಾಯಿ ಆಗ ಬಾಯಿಬಿಟ್ಟರು. ಹಳೆಯ ಎಂಜಿನ್ ಕೆಟ್ಟುಹೋದುದು ಅವರಿಗೆ ಚೆನ್ನಾಗಿ ನೆನಪಿತ್ತು. ಮಳೆಗಾಲದಲ್ಲಿ ತೋಡು ದಾಟುವಾಗ ಗಾಡಿ ನೀರಿನಲ್ಲಿ ನಿಂತು, ಒಳಗೆ ನೀರು ಹೋಗಿ, ಆಟಿ ತಿಂಗಳು ಪೂರ್ತಿ ಹಾಗೆಯೇ ಬಿದ್ದಿತ್ತಂತೆ. ಯಜಮಾನರು ಆ ವರ್ಷದ ಅಡಿಕೆಯ ಹಣದಲ್ಲಿ ಮಂಗಳೂರಿಗೆ ಹೋಗಿ ಬೇರೊಂದು ಎಂಜಿನನ್ನು ಗೋಣಿಯಲ್ಲಿ ಕಟ್ಟಿ ಬಸ್ಸಿನ ಮೇಲೆ ಹಾಕಿಕೊಂಡು ತಂದರು. "ನೀನು ಆಗ ಹುಟ್ಟಿರಲಿಲ್ಲ ಮಗಾ" ಎಂದರು ತಾಯಿ. "ನಿನಗೆ ಜ್ವರ ಏರಿ ಕಣ್ಣು ಮೇಲಾದ ರಾತ್ರಿ ಪುತ್ತೂರಿಗೆ ಹೊತ್ತುಕೊಂಡು ಹೋದದ್ದು ಇದೇ."

ಮಗ ಬಹಳ ಹೊತ್ತು ಏನನ್ನೂ ಹೇಳಲಿಲ್ಲ. ಮೆಕ್ಯಾನಿಕರೇ ಮೌನ ಮುರಿದು, "ಚೀಟಿ ಏನಾದರೂ ಇದೆಯಾ ಬಾಯಮ್ಮ?" ಎಂದು ಕೇಳಿದರು. ಪ್ರಶ್ನೆ ಸರಿಯಾದುದೇ. ಎಂಜಿನ್ ಬದಲಿಸಿದರೆ ಸಾರಿಗೆ ಕಚೇರಿಗೆ ತಿಳಿಸಿ ಆರ್.ಸಿ.ಯಲ್ಲಿ ಬರೆಸಬೇಕೆಂಬುದು ಕಾನೂನು. ಆ ಕಾಲದಲ್ಲಿ ನಮ್ಮ ಹಳ್ಳಿಗಳಲ್ಲಿ ಅದನ್ನು ಪಾಲಿಸಿದವರು ಬೆರಳೆಣಿಕೆಯಷ್ಟು. ಕಂದಾಯದ ರಸೀದಿ, ಅಡಿಕೆ ಮಂಡಿಯ ಚೀಟಿಗಳ ಕಟ್ಟಿನ ನಡುವೆ ಹುಡುಕಿದಾಗ ಮಾಸಿದ ಕೈಬರಹದ ಬಿಲ್ಲೊಂದು ಸಿಕ್ಕಿತು. ಅದರಲ್ಲಿದ್ದ ಎಂಜಿನ್ ಸಂಖ್ಯೆ ಪೆನ್ಸಿಲು ಉಜ್ಜಿ ತೆಗೆದ ಸಂಖ್ಯೆಗೆ ಅಕ್ಷರಶಃ ಹೊಂದಿತು. ಅರ್ಧ ಶತಮಾನದಷ್ಟು ಹಳೆಯ ಕಾಗದದ ಚೂರನ್ನು ಬಿಸಾಡದೆ ಇಟ್ಟ ಆ ತಾಯಿಯ ಜಾಗರೂಕತೆಗೆ ನಾವು ತಲೆಬಾಗಿದೆವು. ಎಷ್ಟು ಮನೆಗಳಲ್ಲಿ ಇಂಥ ಕಟ್ಟುಗಳು ಹಬ್ಬದ ಮುಂಚಿನ ಶುಚಿಕಾರ್ಯದಲ್ಲಿ ಒಲೆ ಸೇರುತ್ತವೋ!

ಈಗ ಆ ಕುಟುಂಬ ಹಿಡಿದಿರುವುದು ನೇರ ದಾರಿ, ಸ್ವಲ್ಪ ಸುತ್ತಿನದು. ಬಿಲ್ಲು, ಸಂಖ್ಯೆಯ ಪೆನ್ಸಿಲ್ ಪ್ರತಿ, ಭಾವಚಿತ್ರಗಳನ್ನು ಲಗತ್ತಿಸಿ, ಎಂಜಿನ್ ಬದಲಾವಣೆಯನ್ನು ದಾಖಲಿಸಿಕೊಳ್ಳುವಂತೆ ಪುತ್ತೂರಿನ ಸಾರಿಗೆ ಕಚೇರಿಗೆ ಅರ್ಜಿ ಹಾಕಿದ್ದಾರೆ. ಒಂದೇ ವಂಶದ, ಒಂದೇ ಗಾತ್ರದ ಎಂಜಿನ್ ಬಂದುದನ್ನು 'ಗಣನೀಯ ಮಾರ್ಪಾಡು' ಎನ್ನಬೇಕೋ ಬೇಡವೋ ಎಂಬುದನ್ನು ಅಧಿಕಾರಿಗಳು ತೀರ್ಮಾನಿಸಬೇಕು. ವಿಂಟೇಜ್ ಪ್ರಮಾಣಪತ್ರ ಸಿಗದಿದ್ದರೂ ಎಂಜಿನನ್ನು ಬದಲಿಸುವುದಿಲ್ಲವೆಂದು ಮಗ ನಮ್ಮೆದುರೇ ಹೇಳಿದರು.

ದುರಸ್ತಿಯ ಕೆಲಸವಾದರೋ ಕಾಗದಪತ್ರಕ್ಕೆ ಕಾಯದೆ ಸಾಗಿದೆ. ಎರಡು-ಸ್ಟ್ರೋಕ್ ಎಂಜಿನಿನಲ್ಲಿ ಕ್ರ್ಯಾಂಕಿನ ಕೋಣೆ ಗಾಳಿಯಾಡದಂತೆ ಭದ್ರವಾಗಿರಬೇಕು. ಪೆಟ್ರೋಲ್ ಮಿಶ್ರಿತ ಗಾಳಿ ಮೊದಲು ಒತ್ತಡಕ್ಕೆ ಒಳಗಾಗುವುದು ಅಲ್ಲಿಯೇ. ವರ್ಷಗಟ್ಟಲೆ ನಿಂತ ಗಾಡಿಯ ಆಯಿಲ್ ಸೀಲುಗಳು ಒಣಗಿ ಬಿರುಕುಬಿಟ್ಟಿರುತ್ತವೆ. ಮ್ಯಾಗ್ನೆಟ್ ಬದಿಯ ಸೀಲು ಹೋಗಿದ್ದರೆ ಹೊರಗಿನ ಗಾಳಿ ನುಗ್ಗಿ, ಮಿಶ್ರಣ ತೆಳುವಾಗಿ, ಏರು ಹತ್ತುವಾಗ ಪಿಸ್ಟನ್ ಕಾದು ಕಚ್ಚಿಕೊಳ್ಳುತ್ತದೆ. ಗಿಯರ್ ಎಣ್ಣೆಯ ಬದಿಯದು ಹೋಗಿದ್ದರೆ ಎಂಜಿನ್ ಆ ಎಣ್ಣೆಯನ್ನೇ ಹೀರಿ ಅಂಗಳವೆಲ್ಲ ಹೊಗೆಯಾಗುತ್ತದೆ. ಹೊಗೆ ಕಂಡ ಕೂಡಲೇ ರಿಂಗು ಹೋಗಿದೆಯೆಂದು ಸಿಲಿಂಡರು ಬಿಚ್ಚುವವರು ಇದನ್ನು ಗಮನಿಸಬೇಕು. ಸೀಲು, ಬೇರಿಂಗು, ಪಾಯಿಂಟು, ಕಂಡೆನ್ಸರು ಇವಿಷ್ಟನ್ನು ಕಣ್ಣುಮುಚ್ಚಿ ಹೊಸದು ಹಾಕುವುದು ಲೇಸು. ಸೀಲನ್ನು ಆರಿಸುವಾಗ ಇನ್ನೊಂದು ಮಾತು: 2025ರ ವೇಳೆಗೆ ದೇಶದ ಪೆಟ್ರೋಲಿನಲ್ಲಿ ಎಥೆನಾಲಿನ ಪ್ರಮಾಣ ಶೇಕಡಾ 20ಕ್ಕೆ ತಲುಪಿದೆ. ಹಳೆಯ ಕಾಲದ ರಬ್ಬರಿಗೆ ಅದು ಆಗಿಬರುವುದಿಲ್ಲ. ಜೊತೆಗೆ ಎಥೆನಾಲು ತೇವವನ್ನು ಎಳೆದುಕೊಳ್ಳುವ ಗುಣದ್ದು, ನಮ್ಮ ಮಳೆಗಾಲದ ಹವೆಯಲ್ಲಿ ಟ್ಯಾಂಕಿನ ತಳಕ್ಕೆ ನೀರು ಸೇರುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯ ಟ್ಯಾಂಕನ್ನೂ ಕಾರ್ಬೊರೇಟರನ್ನೂ ಬರಿದು ಮಾಡಿಡಬೇಕು.

ಮೈಬಣ್ಣದ ವಿಷಯದಲ್ಲಿ ತಾಯಿ-ಮಗನ ನಡುವೆ ಇನ್ನೂ ಒಮ್ಮತವಾಗಿಲ್ಲ. ಮುಂದಿನ ತಗಡಿನ ಮೇಲೆ ಅಡಿಕೆ ಗೋಣಿ ಉಜ್ಜಿ ಉಜ್ಜಿ ಬಣ್ಣ ಹೋಗಿ ಹೊಳಪಾದ ಜಾಗವೊಂದಿದೆ. ಅದನ್ನು ಮುಚ್ಚಕೂಡದೆಂಬುದು ತಾಯಿಯ ಹಟ. ಸಿಲಿಂಡರು ಬೋರು ಹೊಡೆಸಲು ಲೇತಿಗೆ ಹೋಗಿದೆ. 57.75ರ ಪಿಸ್ಟನ್ನಿಗೆ ಹೇಳಿಯಾಗಿದೆ, ಇನ್ನೂ ಬಂದಿಲ್ಲ. ಕವಚ ಮಾತ್ರ ತೊಳೆದು ಒರೆಸಿ ಊಟದ ಮನೆಯ ಹಳೆಯ ಮೇಜಿನ ಮೇಲೆ, ಲಕ್ನೋದ ಗುರುತು ಮೇಲೆ ಕಾಣುವಂತೆ, ಒಂದು ಬಿಳಿಯ ಬಟ್ಟೆ ಹಾಸಿ ಇಟ್ಟಿದ್ದಾರೆ.